ಸೋಮವಾರದ ಮಿಸ್ಸಿಂಗ್

ಆ ಕಾರಿನ ಕತೆಯನ್ನು ಲೊಕ್ಕನಹಳ್ಳಿಯಲ್ಲಿ ಯಾರ ಬಾಯಿಂದ ಕೇಳಿದರೂ ಅದು ತೀರ್ಪಿನಿಂದಲೇ ಶುರುವಾಗುತ್ತದೆ. ಗಂಡ ಓಡಿಸುವಾಗ ಕುದುರೆಯ ಹಾಗಿದ್ದ ಕಾರು, ಹೆಂಡತಿಯ ಕೈಗೆ ಬಂದು ಒಂದೇ ಮಳೆಗಾಲಕ್ಕೆ ಗುಜರಿ ಸೇರಿತು. ಹೇಳುವವರು ಇಷ್ಟು ಹೇಳಿ ಎಲೆಯಡಿಕೆ ಉಗಿಯುತ್ತಾರೆ, ಕೇಳುವವರು ತಲೆದೂಗುತ್ತಾರೆ, ಕತೆ ಮುಗಿಯುತ್ತದೆ.

ನಾನು ಒಪ್ಪುವುದಿಲ್ಲ. ಆ ಹೆಂಡತಿ ನನ್ನ ಅತ್ತಿಗೆ, ಅದು ಬೇರೆ ಮಾತು. ಈ ಕತೆಯಲ್ಲಿ ಸಾಕ್ಷಿ ಎಂಬುದು ಚೂರೂ ಇಲ್ಲ. ಮೊದಲನೆಯದಾಗಿ, ಅದು ಎಂದೂ ಕುದುರೆಯಾಗಿರಲಿಲ್ಲ. ನನ್ನ ಅಣ್ಣ ಸಿದ್ದರಾಜು ಬದುಕಿದ್ದಾಗಲೂ ಚಳಿಗಾಲದ ಬೆಳಿಗ್ಗೆ ಅದನ್ನು ತಳ್ಳಿಯೇ ಹೊರಡಿಸಬೇಕಿತ್ತು. ತಳ್ಳಿದವರಲ್ಲಿ ಈಗ ತಲೆದೂಗುವವರೂ ಇದ್ದರು. ಎರಡನೆಯದಾಗಿ, ಓಡಿಸಲು ಬಾರದವರು ಕ್ಲಚ್ಚು ಸುಡುತ್ತಾರೆ, ಗೇರು ಕಿರುಚಿಸುತ್ತಾರೆ, ಬೇಲಿಗೆ ಗುದ್ದುತ್ತಾರೆ. ಸ್ಟೇರಿಂಗ್ ಹಿಂದೆ ಕೂತವರು ಎಷ್ಟೇ ದಡ್ಡರಾದರೂ ಪ್ಲಗ್ಗಿಗೆ ಹೋಗುವ ಕಿಡಿಯನ್ನು ದಾರಿ ತಪ್ಪಿಸಲಾರರು. ಇದನ್ನು ದೊಡ್ಡಪ್ಪನ ಮುಂದೆ ಎಷ್ಟು ಸಲ ವಾದಿಸಿದ್ದೇನೋ ಲೆಕ್ಕವಿಲ್ಲ. ಅವರ ಉತ್ತರ ಒಂದೇ.

“ನೀ ಬುಡ್ಲಾ, ಡಿಬೇಟಲ್ಲಿ ಕಪ್ ತಕಂಡೋನು. ಕಾರ್ ಎಲ್ಲದೆ ಈಗ? ಅದ ಯೋಳು.”

ಕಾರು ಎಲ್ಲಿದೆ ಎಂದು ಹೋದ ತಿಂಗಳು ಗೊತ್ತಾಯಿತು. ಅಂದರೆ ಅದರ ಒಂದು ಭಾಗ. ಬೈಕಿನ ಚೈನು ಬಿಗಿಸಿಕೊಳ್ಳಲು ಕೊಳ್ಳೇಗಾಲಕ್ಕೆ ಹೋದವನು ಮೆಕ್ಯಾನಿಕ್ ಆರ್ಮುಗಣ್ಣನ ಶೆಡ್ಡಿನಲ್ಲಿ ನಿಂತಿದ್ದೆ. ಸಣ್ಣಗೆ ಮಳೆ ಹಿಡಿಯಿತು. ಶೆಡ್ಡಿನ ಮೂಲೆಯಲ್ಲಿ ವೆಲ್ಡಿಂಗ್ ಮಾಡುವ ಜಾಗಕ್ಕೆ ನೆರಳಾಗಿ ಒಂದು ತಗಡು ಕಟ್ಟಿದ್ದರು. ಅದರ ಮೇಲೆ ಹನಿ ಬೀಳುವ ಸದ್ದಿಗೆ ತಲೆಯೆತ್ತಿ ನೋಡಿದೆ: ಕೆನೆಬಣ್ಣ, ನಡುವೆ ಒಂದು ಉಬ್ಬು, ಅಂಚಿನಲ್ಲಿ ಅಣ್ಣ ಬೇರೆ ಬಣ್ಣದಲ್ಲಿ ತೇಪೆ ಹಚ್ಚಿದ ಗುರುತು. ನಮ್ಮ ಕಾರಿನ ಬಾನೆಟ್ಟು.

“ಗುರುತು ಸಿಕ್ತಾ ಸಾ?” ಆರ್ಮುಗಣ್ಣ ಹಲ್ಲು ಬಿಟ್ಟ. “ಗುಜರಿಯಿಂದ ಸತ್ತೇಗಾಲದೋರು ಇಂಜಿನ್ ತಕಂಡೋದ್ರು. ಇದೊಂದ್ ನಂಗೆ ಉಳೀತು. ಒಳ್ಳೆ ಗೇಜು ಸಾ, ಈಗಿನ ಕಾರ್‌ನಂಗೆ ಪೇಪರಲ್ಲ.”

ಪೆಟ್ರೋಲು, ಸುಟ್ಟ ರಬ್ಬರು, ಒದ್ದೆ ಮಣ್ಣು. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಾನು ಆ ಮಳೆಗಾಲದೊಳಗೆ ಇದ್ದೆ.

ಆ ವರ್ಷ ಯುಗಾದಿಗೆ ಮುಂಚೆ ಅಣ್ಣ ತೀರಿಕೊಂಡ. ಹನೂರಿನಿಂದ ಬೈಕಿನಲ್ಲಿ ಬರುತ್ತಿದ್ದವನಿಗೆ ಕಾಡುಹಂದಿ ಅಡ್ಡ ಬಂತು. ನಮ್ಮ ಹೊಲದ ಮೂಲೆಯಲ್ಲಿ ಅಪ್ಪನ ಪಕ್ಕದಲ್ಲೇ ಅವನನ್ನು ಮಣ್ಣು ಮಾಡಿದೆವು. ಮನೆಯಲ್ಲಿ ಉಳಿದವರು ಅವ್ವ, ಅತ್ತಿಗೆ ಮಂಜುಳ, ಬಿ.ಎ. ಮುಗಿಸಿ ಕಾನೂನು ಓದುವ ಸೀಟಿಗೆ ಕಾಯುತ್ತಿದ್ದ ನಾನು. ದನದ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಕಾರು.

ಅತ್ತಿಗೆ ಯಳಂದೂರಿನವರು. ಮದುವೆಗೆ ಮುಂಚೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿದ್ದರು. ಮುಂಗಾರು ಹಿಡಿಯುವ ಹೊತ್ತಿಗೆ ಕೊಳ್ಳೇಗಾಲದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕಾಯಂ ಅಲ್ಲ, ನೋಡೋಣ ಎನ್ನುವ ಕೆಲಸ. ಷರತ್ತು ಒಂದೇ: ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯಬೇಕು. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬಂದು ಕೂತಿರುತ್ತಾರೆ. ರಕ್ತ ಕೊಟ್ಟ ಮೇಲೇ ಅವರಿಗೆ ಕಾಫಿ. ನಮ್ಮೂರಿನ ಮೊದಲ ಬಸ್ಸು ಕೊಳ್ಳೇಗಾಲ ಮುಟ್ಟುವ ಹೊತ್ತಿಗೆ ಅವರೆಲ್ಲ ಬೈದು ಎದ್ದು ಬೇರೆ ಲ್ಯಾಬಿಗೆ ಹೋಗಿರುತ್ತಾರೆ. ಹಾಗಾಗಿ ಕಾರು. ಅಣ್ಣನೇ ಕೆರೆಯಂಗಳದಲ್ಲಿ ಅತ್ತಿಗೆಗೆ ಓಡಿಸುವುದು ಕಲಿಸಿದ್ದ, ಲೈಸೆನ್ಸೂ ಇತ್ತು.

ದೊಡ್ಡಪ್ಪ ಜಗಲಿಗೆ ಬಂದು ಕೂತರು. “ಗಂಡ ಸತ್ತು ವರ್ಸ ತುಂಬಿಲ್ಲ, ಕಾರ್ ಓಡಿಸ್ಕಂಡು ಓದ್ರೆ ಜನ ಏನಂದಾರು?”

ನಾನು ಬಾಯಿ ತೆರೆಯುವ ಮುಂಚೆಯೇ ಅವ್ವ ಹೇಳಿದಳು. “ಓಗ್ಲಿ ಬುಡಿ ಬಾವ. ಮನೇಲ್ ಕುಂತ್ರೆ ಬರೀ ಗ್ವಾಡೆ ನೋಡ್ಕಂಡು ಕುಂತ್ಕತದೆ ಮಗ. ಜನ ಬಂದು ಗ್ವಾಡೆ ನೋಡ್ಕಂಡ್ ಕುಂತರಾ?”

ಅವ್ವನ ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನಂತೂ ಮರೆಯಲು ಪ್ರಯತ್ನಿಸಿ ಸೋತಿದ್ದೇನೆ.

ಮೊದಲ ಕೆಲವು ವಾರ ಎಲ್ಲವೂ ಚೆನ್ನಾಗಿತ್ತು. ಬೆಳಕು ಹರಿಯುವ ಮುಂಚೆ ಅತ್ತಿಗೆ ಸ್ನಾನ ಮಾಡಿ ಬಿಳಿ ಕೋಟು ಮಡಚಿ ಸೀಟಿನ ಮೇಲಿಟ್ಟುಕೊಂಡು ಹೊರಡುತ್ತಿದ್ದರು. ಕಾಡಿನ ಕಡೆಯಿಂದ ಮಂಜು ಇಳಿದು ಜೋಳದ ಹೊಲಗಳ ಮೇಲೆ ನಿಂತಿರುತ್ತಿತ್ತು. ಅದರೊಳಗೆ ಹಿಂದಿನ ಕೆಂಪು ದೀಪ ಚಿಕ್ಕದಾಗುತ್ತಾ ಹೋಗುವುದನ್ನು ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಧ್ಯಾಹ್ನ ವಾಪಸ್ಸಾದಾಗ ಅತ್ತಿಗೆ ಮಾತಾಡುತ್ತಿದ್ದರು. ಅಣ್ಣ ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ಮಾತಾಡಿದ್ದು ಆಗಲೇ. ಲ್ಯಾಬಿಗೆ ಬಂದ ಅಜ್ಜಿಯೊಬ್ಬಳು ಸೂಜಿ ಕಂಡು ಇಡೀ ಕೊಳ್ಳೇಗಾಲಕ್ಕೆ ಕೇಳುವ ಹಾಗೆ ಅತ್ತದ್ದು, ಇನ್ನೊಬ್ಬ ಖಾಲಿ ಹೊಟ್ಟೆ ಎಂದು ಹೇಳಿ ಮೀಸೆಯಲ್ಲಿ ಚಟ್ನಿ ಅಂಟಿಸಿಕೊಂಡು ಬಂದದ್ದು. ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅದನ್ನೂ ನಾನು ನೋಡಿದ್ದೇನೆ.

ಶ್ರಾವಣದ ಒಂದು ಮಳೆಯ ಸೋಮವಾರ ಕಾರು ಕೆಮ್ಮಿತು.

ಊರು ದಾಟಿದ ಮೇಲಿನ ಏರಿನಲ್ಲಿ ಅದಕ್ಕೆ ದಮ್ಮೇ ಇಲ್ಲದಂತಾಯಿತಂತೆ. ಆಕ್ಸಿಲರೇಟರ್ ಒತ್ತಿದರೆ ಮುಂದೆ ಹೋಗುವ ಬದಲು ಇಡೀ ಮೈ ನಡುಗಿಸಿ, ಸೈಲೆನ್ಸರಿನಲ್ಲಿ ಪಟ್ ಪಟ್ ಎಂದು ಹೊಡೆದು, ನಿಂತೇ ಬಿಟ್ಟಿತು. ಅತ್ತಿಗೆ ಫೋನು ಮಾಡಿದರು, ನಾನು ಬೈಕಿನಲ್ಲಿ ಹೋದೆ. ಬಾನೆಟ್ಟು ಎತ್ತಿ ಇಬ್ಬರೂ ಮಳೆಯಲ್ಲಿ ನಿಂತು ನೋಡಿದೆವು. ಹಳೆಯ ಇಂಜಿನ್ನು ಹೇಗಿರುತ್ತದೋ ಹಾಗೇ ಇತ್ತು, ಎಲ್ಲೆಲ್ಲೂ ಕಪ್ಪು. ಏನು ನೋಡಬೇಕು ಎಂದು ಗೊತ್ತಿಲ್ಲದವರಿಗೆ ಬಾನೆಟ್ಟಿನ ಕೆಳಗೆ ಕಾಣುವುದು ತಮ್ಮದೇ ಮುಖ. ಆಮೇಲೆ ಹೇಗೋ ಸ್ಟಾರ್ಟ್ ಆಯಿತು, ಕುಂಟುತ್ತಾ ಕೊಳ್ಳೇಗಾಲ ಮುಟ್ಟಿತು, ಲ್ಯಾಬಿನ ಬಾಗಿಲಲ್ಲಿ ಜನ ಬೈದರು.

ಆರ್ಮುಗಣ್ಣ ಹುಟ್ಟಿದ್ದು ತಮಿಳುನಾಡಿನ ಗಡಿಯ ಕಡೆ. ಅವನ ಕನ್ನಡದ ಬಾಲದಲ್ಲಿ ಸದಾ ಒಂದು ತಮಿಳಿನ ಗಂಟು. ಬಾಯಿ ನಿಲ್ಲಿಸಿ ಕೆಲಸ ಮಾಡಿದ್ದನ್ನು ಯಾರೂ ಕಂಡಿಲ್ಲ. ಇಂಜಿನ್ ಸದ್ದು ಕೇಳಿಯೇ ಅವನು ತೀರ್ಪು ಕೊಟ್ಟ.

“ಮಿಸ್ಸಿಂಗ್ ಒಡೀತೈತೆ ಸಾ. ನಾಕು ಸಿಲಿಂಡರ್‌ನಲ್ಲಿ ಒಂದು ಊಟ ಮಾಡ್ತಾ ಇಲ್ಲೆ.”

“ಯಾಕಣ್ಣ?”

“ಯಾಕೆ ಅಂದ್ರೆ? ವಯಸ್ಸಾಯ್ತು ಸಾ. ನಂಗೂ ಬೆಳಿಗ್ಗೆ ಎದ್ರೆ ಒಂದ್ ಕಾಲು ಮಿಸ್ಸಿಂಗೇ.”

ಹಳೆಯ ಬನಿಯನ್ನಿನ ತುಂಡಿನಿಂದ ಅಲ್ಲಿ ಇಲ್ಲಿ ಒರೆಸಿ, “ಕಾರ್ಬನ್ ಕಟ್ಟೈತೆ ಪಾರುಂಗ” ಎಂದು ಬಟ್ಟೆಯ ಕಪ್ಪು ತೋರಿಸಿ, ಪ್ಲಗ್ಗು ಬದಲಾಯಿಸಿದ. ಕಾರು ಮಗುವಿನ ಹಾಗೆ ಓಡಿತು. ಪ್ಲಗ್ಗೇ ಕಾರಣ ಎಂದು ತೀರ್ಮಾನವಾಯಿತು.

ಎರಡು ವಾರ ಬಿಟ್ಟು ಮತ್ತೆ. ಈ ಸಲ ಪ್ಲಗ್ಗಿನ ವೈರು. ಒರೆಸಿದ, ವೈರು ಬದಲಾಯಿಸಿದ, ಓಡಿತು. ವೈರೇ ಕಾರಣ. ಅದಾದ ಮೇಲೆ ಪಾಯಿಂಟು, ಆಮೇಲೆ ಕಂಡೆನ್ಸರು, ಆಮೇಲೆ ಕಾಯಿಲ್ಲು. ಪ್ರತಿ ಸಲವೂ ಒರೆಸುವುದು, “ಕಾರ್ಬನ್ ಪಾರುಂಗ” ಎನ್ನುವುದು, ಏನೋ ಒಂದು ಬದಲಾಯಿಸುವುದು, ಕಾರು ಓಡುವುದು. ಇದರ ಹಿಂದೆ ಅದಾಯಿತು ಎಂದ ಮಾತ್ರಕ್ಕೆ ಇದರಿಂದಲೇ ಅದಾಯಿತು ಎನ್ನಬಾರದು ಎಂದು ನಾನು ಎಷ್ಟು ವೇದಿಕೆಗಳ ಮೇಲೆ ಎದುರಾಳಿಯ ಬಾಯಿ ಮುಚ್ಚಿಸಿದ್ದೆ! ಆ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು ಪ್ರತಿ ಸಲವೂ ಅದೇ ತಪ್ಪನ್ನು ಖುಷಿಯಿಂದ ನುಂಗಿದೆ. ಬದಲಾದ ಸಾಮಾನಿನ ಮೇಲೆ ಕಣ್ಣಿಟ್ಟವನಿಗೆ ಒರೆಸುವ ಬಟ್ಟೆ ಕಾಣಲಿಲ್ಲ.

ನಡುವೆ ಕರೆಂಟಿನ ಚೇಷ್ಟೆ ಬೇರೆ ಶುರುವಾಯಿತು. ಬಲಕ್ಕೆ ಇಂಡಿಕೇಟರ್ ಹಾಕಿದರೆ ವೈಪರು ಕೈ ಬೀಸುತ್ತಿತ್ತು. ಹಾರನ್ ಒತ್ತಿದರೆ ಹೆಡ್‌ಲೈಟು ಕಣ್ಣು ಮುಚ್ಚುತ್ತಿತ್ತು. ಅತ್ತಿಗೆ ನಗುತ್ತಲೇ ಹೇಳಿದರು. “ಈ ಕಾರು ನಿಮ್ಮ ದೊಡ್ಡಪ್ಪನ ಥರ ನಂದೀಶ. ನಾವು ಕೇಳೋದೊಂದು, ಅದು ಹೇಳೋದೊಂದು.” ಹನೂರಿನ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಬ್ಯಾಟರಿಯಿಂದ ಕಾರಿನ ಮೈಗೆ ಬರುವ ಅರ್ತ್ ವೈರು ತುಕ್ಕು ಹಿಡಿದು ದಾರದಷ್ಟಾಗಿತ್ತು. ಕರೆಂಟು ವಾಪಸು ಹೋಗಲು ದಾರಿಯಿಲ್ಲದೆ ಕಂಡಕಂಡ ವೈರಿನೊಳಗೆ ನುಗ್ಗುತ್ತಿತ್ತು. ಅವನು ಹೊಸ ವೈರು ಬಿಗಿದ. ಇಂಡಿಕೇಟರು ಇಂಡಿಕೇಟರಾಯಿತು, ವೈಪರು ವೈಪರಾಯಿತು. ಮಿಸ್ಸಿಂಗಿಗೂ ಅದೇ ಮೂಲ ಎಂದು ನಾನು ದಾರಿಯುದ್ದಕ್ಕೂ ವಾದ ಮಂಡಿಸಿದೆ. ಅತ್ತಿಗೆ ಒಪ್ಪಿದರು. ಮುಂದಿನ ಸೋಮವಾರ ಬೆಳಿಗ್ಗೆ ಕಾರು ಒಪ್ಪಲಿಲ್ಲ.

ಆ ಸಂಜೆ ಅವ್ವ ಕೇಳಿದಳು. “ಅದೇನ್ಲಾ ಯಾವಾಗ್ಲೂ ಮಿಸ್ಸಿಂಗು ಮಿಸ್ಸಿಂಗು ಅಂತೀರ? ಮಿಸ್ಸಿಂಗ್ ಅಂದ್ರೆ ಕಾಣೆಯಾಗದಲ್ವಾ? ಟೇಸನ್ ಗ್ವಾಡೇಲಿ ಬರ್ದಿರ್ತರಲ್ಲ?”

“ಅದು ಬೇರೆ ಕಣವ್ವ. ನಾಲ್ಕು ಸಲ ಹೊಡೀಬೇಕಾದ ಕಡೆ ಮೂರೇ ಸಲ ಹೊಡೆದ್ರೆ ಮಿಸ್ಸಿಂಗ್ ಅಂತಾರೆ.”

ಅವ್ವ ಸ್ವಲ್ಪ ಹೊತ್ತು ಒಲೆಯ ಬೂದಿ ಕೆದಕಿದಳು. “ಈ ಮನೆನೂ ಅಂಗೇ ಅನ್ನು. ನಾಕಿದ್ದೋ, ಮೂರಾದೋ.”

ಅತ್ತಿಗೆ ಎದ್ದು ಹೊರಗೆ ಹೋದರು.

ಯಾವಾಗಲೂ ಸೋಮವಾರವೇ ಎಂಬುದನ್ನು ಮೊದಲು ಗುರುತಿಸಿದವನು ನಾನೇ. ಅದೂ ಮಳೆಯ ಸೋಮವಾರ. ಬಿಸಿಲಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಇದನ್ನು ಹೇಳಿದಾಗ ಅತ್ತಿಗೆ ಹುಬ್ಬೇರಿಸಿದರು.

“ವಾರಕ್ಕೂ ಇಂಜಿನ್ನಿಗೂ ಏನಪ್ಪಾ ಸಂಬಂಧ? ದೇವ್ರಿಲ್ಲ ದಿಂಡ್ರಿಲ್ಲ ಅಂತಿದ್ದೋನು ನೀನೂ ಶಕುನ ನೋಡೋಕೆ ಶುರು ಹಚ್ಕೊಂಡ್ಯಾ?”

“ಶಕುನ ಅಲ್ಲ ಅತ್ಗೆ, ತೇವ. ಭಾನುವಾರ ಲ್ಯಾಬಿಗೆ ರಜ. ಕಾರು ಒಂದಿಡೀ ದಿನ ತಣ್ಣಗೆ ನಿಂತಿರ್ತದೆ. ಥಂಡಿ ಒಳಗೆ ಸೇರ್ಕೊಳ್ತದೆ.”

ಕೇಳಲು ಎಷ್ಟು ಚೆನ್ನಾಗಿತ್ತು. ಇವತ್ತಿಗೂ ಆ ವಾದದಲ್ಲಿ ತಾರ್ಕಿಕವಾಗಿ ಒಂದು ಬಿರುಕು ತೋರಿಸಲು ನನಗೆ ಬರುವುದಿಲ್ಲ. ಅದು ತಪ್ಪಾಗಿತ್ತು, ಅಷ್ಟೇ. ಭಾನುವಾರ ಇಂಜಿನ್ನಿನ ಮೇಲೆ ಗೋಣಿಚೀಲ ಹೊದಿಸಿದೆವು, ಕೊಟ್ಟಿಗೆಯ ತೂತು ಮುಚ್ಚಿದೆವು. ಫೋನಿನಲ್ಲಿ ಯಾವುದೋ ದೇಶದ ಮೆಕ್ಯಾನಿಕ್ಕುಗಳ ವಿಡಿಯೊ ನೋಡುತ್ತಾ ಕೂತೆವು. ಇಂಜಿನ್ನಿನ ಪಕ್ಕದಲ್ಲಿ ಬಟ್ಟಲು ಬೋರಲು ಹಾಕಿದಂಥ ಕರಿಯ ಮುಚ್ಚಳವೊಂದಿರುತ್ತದೆ, ಡಿಸ್ಟ್ರಿಬ್ಯೂಟರ್ ಕ್ಯಾಪು. ಕಾಯಿಲ್ಲಿನಿಂದ ಬಂದ ಕಿಡಿಯನ್ನು ಸರದಿಯ ಮೇಲೆ ನಾಲ್ಕು ಪ್ಲಗ್ಗಿಗೂ ಹಂಚುವುದು ಅದರ ಕೆಲಸ. ಮುಚ್ಚಳದ ಮೇಲೆ ಒದ್ದೆ ಕೊಳೆ ಕಟ್ಟಿದರೆ ಕಿಡಿ ವೈರಿನೊಳಗೆ ಹೋಗದೆ ಕೊಳೆಯ ಮೇಲೇ ಹರಿದು ಕಬ್ಬಿಣಕ್ಕೆ ಸೇರಿಬಿಡುತ್ತದೆ ಎಂದು ಅವರು ಹೇಳಿದರು. ಕಾರು ಮತ್ತೊಮ್ಮೆ ಕೆಮ್ಮಿದ ದಿನ ಆರ್ಮುಗಣ್ಣನ ಶೆಡ್ಡಿನ ಶಟರ್ ಎಳೆಸಿ, ಹಾಡುಹಗಲಲ್ಲೇ ಕತ್ತಲು ಮಾಡಿ, ಇಂಜಿನ್ ಓಡಿಸಿ ನೋಡಿದೆ. ನೀಲಿ ಎಳೆಯೊಂದು ಮುಚ್ಚಳದ ಮೈಮೇಲೆ ಹುಳುವಿನ ಹಾಗೆ ಹರಿದಾಡುತ್ತಿತ್ತು.

“ಅಯ್ಯಯ್ಯೋ ಕ್ಯಾಪೇ ಪೋಚ್ಚು!” ಎಂದು ಆರ್ಮುಗಣ್ಣ ತನ್ನ ಹಳೆಯ ತೀರ್ಪುಗಳನ್ನೆಲ್ಲ ಒಂದೇ ಉಸಿರಿಗೆ ರದ್ದು ಮಾಡಿ ಹೊಸ ಮುಚ್ಚಳ ಹಾಕಿದ. ಅತ್ತಿಗೆ ನನಗೆ ಕೈ ಕೊಟ್ಟು ಕುಲುಕಿದರು. ಅದೊಂದೇ ಸಲ.

ಅಷ್ಟರಲ್ಲಿ ಲ್ಯಾಬಿನವರ ತಾಳ್ಮೆ ಮುಗಿಯುತ್ತಾ ಬಂದಿತ್ತು. ಅತ್ತಿಗೆಯ ಕೈ ಹಗುರ, ರಕ್ತನಾಳ ಸಿಗದವರಿಗೂ ಒಂದೇ ಚುಚ್ಚಿಗೆ ಸಿಗುತ್ತದೆ ಎಂದು ಹೆಸರಾಗಿತ್ತು. ಅದಕ್ಕೇ ಇಷ್ಟು ದಿನ ಸಹಿಸಿದ್ದರು. ದೀಪಾವಳಿಗೆ ಮುಂಚಿನ ಶನಿವಾರ ಮಾಲೀಕರು ಹೇಳಿದರಂತೆ: ಸೋಮವಾರದಿಂದ ಕಾಯಂ ಮಾಡ್ತೀನಮ್ಮ, ಆದರೆ ಇನ್ನೊಂದು ಸೋಮವಾರ ಬಾಗಿಲು ತೆರೆಯೋದು ತಡವಾದರೆ ಬೇರೆ ಹುಡುಗಿ ಸಿದ್ಧವಾಗಿದ್ದಾಳೆ.

ಭಾನುವಾರ ಊಟಕ್ಕೆ ಕೂತಾಗ ಅತ್ತಿಗೆ ಅವ್ವನಿಗೆ ಹೇಳಿದರು. “ಕಾಯಂ ಆದ್ರೆ ಕೊಳ್ಳೇಗಾಲದಲ್ಲೇ ಒಂದು ಮನೆ ಮಾಡೋಣ ಅತ್ತೆ. ಈ ಮಳೇಲಿ ದಿನಾ ಕಾಡಂಚಲ್ಲಿ ಓಡಾಡೋದು ತಪ್ತದೆ. ನೀವೂ ಬನ್ನಿ. ನಂದೀಶಂಗೂ ಓದೋಕೆ ಅನುಕೂಲ.”

ಅವ್ವ ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿದಳು, ಬಾಯಿಗಿಡಲಿಲ್ಲ. “ನನ್ ಸಿದ್ದ ಇಲ್ ಮನಗವ್ನೆ. ಅವ್ನ್ ಬುಟ್ಟು ನಾ ಎಲ್ಗವ್ವ ಬರ್ಲಿ?” ಎಂದವಳು ಒಂದು ಗಳಿಗೆ ಬಿಟ್ಟು, “ನೀ ಓಗವ್ವ. ನಿನ್ ಓಗಬ್ಯಾಡ ಅಂದನಾ ನಾನು?” ಎಂದಳು.

ಇದರಲ್ಲಿ ಸಿಟ್ಟಿತ್ತೇ ಎಂದು ನನ್ನನ್ನು ಕೇಳಬೇಡಿ. ನಾನು ಎದುರಿಗೇ ಕೂತಿದ್ದೆ. ನನಗೆ ಗೊತ್ತಾಗಲಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಅವ್ವನ ತವರಿನವರು ಸಿದ್ದಪ್ಪಾಜಿಯ ಒಕ್ಕಲು. ಗದ್ದುಗೆಯಿಂದ ತಂದ ಕಪ್ಪು ಧೂಳ್ತ, ಎಂದರೆ ಕರಿಯ ವಿಭೂತಿ, ಒಂದು ಗಿಂಡಿಯಲ್ಲಿ ಯಾವಾಗಲೂ ಇರುತ್ತದೆ. ಸೋಮವಾರ ಬೆಳಿಗ್ಗೆ ಅವ್ವ ಅದನ್ನು ಅಂಗೈಯಲ್ಲಿ ನೀರಿನಲ್ಲಿ ಕಲಸಿ ಹೊಸ್ತಿಲಿಗೆ, ಒಲೆಗೆ, ದನದ ಹಣೆಗೆ, ನಮ್ಮ ಹಣೆಗೆ ಹಚ್ಚುತ್ತಾಳೆ. ನಾನು ಮುಖ ತಿರುಗಿಸಿದರೆ ಕಿವಿಯ ಹಿಂದೆಯಾದರೂ ಒಂದು ಚುಕ್ಕೆ. ಕಾರಿನ ಸ್ಟೇರಿಂಗಿಗೂ ಹೆಡ್‌ಲೈಟಿಗೂ ಹಚ್ಚುತ್ತಿದ್ದಳು. ನಾವು ನೋಡಿದ್ದೆವು, ನೋಡಿ ನೋಡಿ ಕಣ್ಣಿಗೆ ಕಾಣದಷ್ಟು ಅಭ್ಯಾಸವಾಗಿತ್ತು.

ಆ ಸೋಮವಾರ ಅತ್ತಿಗೆಯ ಜೊತೆ ನಾನೂ ಹೊರಟೆ. ರಾತ್ರಿಯೆಲ್ಲ ಹೊಡೆದ ಮಳೆ ಇನ್ನೂ ಬಿಟ್ಟಿರಲಿಲ್ಲ. ಕೊಟ್ಟಿಗೆಯಲ್ಲೇ ಸ್ಟಾರ್ಟ್ ಆಗಲು ಸತಾಯಿಸಿತು, ಊರ ಬಾಗಿಲಲ್ಲಿ ಒಂದು ಸಲ ಕೆಮ್ಮಿತು. ಅತ್ತಿಗೆ ತುಟಿ ಕಚ್ಚಿಕೊಂಡರು. ಅದೇ ಏರು. ನಡುಗಿತು, ಪಟ್ ಪಟ್ ಎಂದಿತು. ನಿಂತಿತು. ವೈಪರು ಮಾತ್ರ ಅತ್ತ ಇತ್ತ ಬೀಸುತ್ತಲೇ ಇತ್ತು.

“ಹೊಸ ಕ್ಯಾಪು ಅತ್ಗೆ,” ಎಂದೆ ನಾನು, ಯಾರ ಮೇಲೋ ದಾವೆ ಹೂಡುವವನ ಹಾಗೆ. “ಹಾಕಿ ಎಷ್ಟು ದಿನ ಆಯ್ತು? ಆಗೋಕೆ ಸಾಧ್ಯಾನೇ ಇಲ್ಲ.”

“ಸಾಧ್ಯ ಇಲ್ದೇ ಇರೋದು ಆಗಿದೆ, ಇಳಿ.”

ನಾನು ಬಾನೆಟ್ಟು ಎತ್ತಿ ಕೊಡೆ ಹಿಡಿದೆ. ಅತ್ತಿಗೆ ಬಗ್ಗಿದರು. ಹೊಸ ಮುಚ್ಚಳದ ಮೇಲೆ ದಪ್ಪಗೆ, ಒದ್ದೆಯಾಗಿ, ಕಪ್ಪು. ಇಂಜಿನ್ನಿನ ಉಳಿದ ಕೊಳೆ ಜಿಡ್ಡಿನದು, ಇದರಲ್ಲಿ ಜಿಡ್ಡಿರಲಿಲ್ಲ. ಅತ್ತಿಗೆ ಬೆರಳಿನಿಂದ ಒರೆಸಿ ನೋಡಿದರು, ಮೂಸಿದರು. ಮುಖಕ್ಕೆ ಹಾರಿದ ಮಳೆನೀರನ್ನು ಅದೇ ಕೈಯಿಂದ ಒರೆಸಿಕೊಂಡು, ಬಾಗಿಲಿನ ಪಕ್ಕದ ಕನ್ನಡಿಯಲ್ಲಿ ನೋಡಿಕೊಂಡವರು ಹಾಗೇ ನಿಂತುಬಿಟ್ಟರು. ಹಣೆಯ ಮೇಲೆ ಬೆಳಿಗ್ಗೆ ಅವ್ವ ಇಟ್ಟ ಧೂಳ್ತದ ಚುಕ್ಕೆ. ಅದರ ಪಕ್ಕದಲ್ಲಿ ಈಗ ಬೆರಳಿನಿಂದ ಅಂಟಿದ ಗೆರೆ. ಒಂದೇ ಬಣ್ಣ, ಒಂದೇ ವಸ್ತು.

ನಾನು ಮುಚ್ಚಳವನ್ನು ಮತ್ತೆ ನೋಡಿದೆ. ಅತ್ತಿಗೆ ಒರೆಸದೆ ಬಿಟ್ಟ ಭಾಗದಲ್ಲಿ ಮೂರು ಬೆರಳು ಎಳೆದ ಗುರುತು ಸ್ಪಷ್ಟವಾಗಿತ್ತು.

ಆರ್ಮುಗಣ್ಣ ಅದನ್ನು ಕಾರ್ಬನ್ ಎನ್ನುತ್ತಿದ್ದ. ಹೇಳಬೇಕೆಂದರೆ ಅವನು ಹೇಳಿದ್ದು ಸರಿಯೇ. ಧೂಳ್ತವೆಂದರೆ ಮಸಿ, ಮಸಿ ಎಂದರೆ ಕಾರ್ಬನ್ನೇ ತಾನೇ. ಒದ್ದೆ ಮಸಿಯ ಮೇಲೆ ಕಿಡಿಗೆ ರಾಜಮಾರ್ಗ. ಅವನು ಪ್ರತಿ ಸಲ ಒರೆಸಿ ಒರೆಸಿ ಕಾರನ್ನು ಗುಣ ಮಾಡಿದ್ದ, ಹೆಸರು ಮಾತ್ರ ಪ್ಲಗ್ಗಿಗೆ ಹೋಗಿತ್ತು.

ಅತ್ತಿಗೆ ಬಿಳಿ ಕೋಟನ್ನು ತೆಗೆದು ಅದರಿಂದಲೇ ಮುಚ್ಚಳವನ್ನು ಒರೆಸಿದರು. ಬೇರೆ ಬಟ್ಟೆ ಇರಲಿಲ್ಲ. ಕೀ ತಿರುಗಿಸಿದ ಕೂಡಲೇ ಇಂಜಿನ್ನು ಎದ್ದಿತು, ಒಂದು ಸಲವೂ ತಪ್ಪದೆ, ಕೇಳುವುದಕ್ಕೆ ಆಗದಷ್ಟು ಚೆನ್ನಾಗಿ. ಕೊಳ್ಳೇಗಾಲ ಮುಟ್ಟುವಾಗ ಏಳು ದಾಟಿತ್ತು. ಲ್ಯಾಬಿನ ಬಾಗಿಲು ತೆರೆದಿತ್ತು. ಒಳಗೆ ಬೇರೆ ಹುಡುಗಿ ಯಾರದೋ ತೋಳಿಗೆ ರಬ್ಬರು ಕಟ್ಟುತ್ತಿದ್ದಳು. ಅತ್ತಿಗೆ ಮಸಿಯಾದ ಕೋಟನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತು, ಇಳಿದು ಬಂದರು.

ಮನೆಗೆ ಬಂದು ಅವರು ಕೀಯನ್ನು ಅಣ್ಣನ ಫೋಟೋದ ಮೊಳೆಗೆ ನೇತುಹಾಕಿದರು. ಅವ್ವ ಅಡುಗೆಮನೆಯಿಂದ ಕೇಳಿದಳು. “ಏನವ್ವ, ಇಷ್ಟ್ ಬೇಗ ಬಂದ್ಬುಟ್ಟೆ?”

“ಕೆಲ್ಸ ಮುಗೀತು ಅತ್ತೆ.”

ಅವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕಡೆ ನೋಡಿದ ನೋಟಕ್ಕೆ ಮುಚ್ಚಿದೆ.

ದೀಪಾವಳಿ ಕಳೆದ ಮೇಲೆ ಅತ್ತಿಗೆ ಯಳಂದೂರ ಕಡೆ ಹೊರಟರು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನವರೆಗೆ ನಾನು ಬಿಡಲು ಹೋದೆ. ಬಸ್ಸು ಬರುವ ತನಕ ನಾನು ವಾದ ಮಾಡಿದೆ, ನನಗೆ ಬರುವುದು ಅದೊಂದೇ. ಕಾಯಿಲೆ ಗೊತ್ತಾಯಿತು, ಕಾರು ಸರಿಯಿದೆ, ಕೊಳ್ಳೇಗಾಲದಲ್ಲಿ ಬೇರೆ ಲ್ಯಾಬುಗಳಿವೆ, ಅವ್ವನಿಗೆ ಒಂದು ಮಾತು ಹೇಳಿದರೆ ಮುಗಿಯಿತು.

“ಏನಂತ ಹೇಳ್ತೀಯ?” ಅಂದರು ಅತ್ತಿಗೆ. “ನೀವು ಹರಸಿದ್ದಕ್ಕೆ ಕಾರು ನಿಂತ್ಹೋಯ್ತು ಅಂತಾನಾ?”

“ಅವ್ವಂಗೆ ಗೊತ್ತಿರ್ಲಿಲ್ಲ ಅತ್ಗೆ. ಗೊತ್ತಾದ್ರೆ ಮಾಡಲ್ಲ.”

ಅತ್ತಿಗೆ ಬಸ್ಸು ಬರುವ ಕಡೆ ತಿರುಗಿದರು. ಆಮೇಲೆ ಹೇಳಿದರು. “ಮದುವೆಯಾದ ವರ್ಷ ಆಯುಧಪೂಜೇಲಿ ಅತ್ತೆ ಬಾನೆಟ್ ಎತ್ತಿಸಿ ಆ ಮುಚ್ಚಳಕ್ಕೆ ಧೂಳ್ತ ಹಚ್ಚೋಕೆ ಹೋದ್ರು. ನಿಮ್ಮಣ್ಣ ಕೈ ಹಿಡ್ಕೊಂಡ್ರು. ‘ಅವ್ವ, ಇದು ಕಾರ್‌ನ ಗುಂಡಿಗೆ ಕಣವ್ವ. ಇಲ್ಲಿಗ್ ಒದ್ದೆ ಮುಟ್ಟುದ್ರೆ ಅಲ್ಲೇ ನಿಂತೋಯ್ತದೆ’ ಅಂದ್ರು. ನಾನು ಪಕ್ಕದಲ್ಲೇ ಇದ್ದೆ. ಅತ್ತೆ ನಕ್ರು. ಆವತ್ತು ಬೆರಳಿಗೆ ಧೂಳ್ತ ಅಂಟಿದ ಮೇಲೇ ನಂಗೂ ಇದು ನೆನಪಾಗಿದ್ದು.”

ಬಸ್ಸು ಬಂತು. ಅತ್ತಿಗೆ ಚೀಲ ಎತ್ತಿಕೊಂಡರು. “ಕಾರನ್ನ ಸರಿ ಮಾಡ್ಬೋದು ನಂದೀಶ. ಆ ಮನೇಲಿ ಮತ್ತೆ ಸೋಮವಾರ ಬತ್ತದಲ್ಲ, ಅದನ್ನ ಏನ್ ಮಾಡ್ಲಿ?”

ಓಡಿಸುವವರಿಲ್ಲದೆ ಕೊಟ್ಟಿಗೆಯಲ್ಲಿ ನಿಂತ ಕಾರು ಗುಜರಿಗೆ ಹೋಯಿತು. ಅತ್ತಿಗೆ ಈಗ ಯಳಂದೂರಿನಲ್ಲಿ ತಮ್ಮ ಅಣ್ಣನ ಅಂಗಡಿಯಲ್ಲಿ ಕೂರುತ್ತಾರೆ. ಒಂದು ಸಲ ಹೋಗಿದ್ದೆ. ಕಾಫಿ ಕೊಟ್ಟರು, ಅವ್ವನ ಮಂಡಿನೋವು ವಿಚಾರಿಸಿದರು. ಅವರ ಅಣ್ಣನ ಸ್ಕೂಟರು ಬಾಗಿಲಲ್ಲೇ ನಿಂತಿತ್ತು. ಓಡಿಸುತ್ತೀರಾ ಎಂದು ಕೇಳಿದರೆ, “ಎಲ್ಲಾ ಮರ್ತ್ಹೋಗಿದೆ ಕಣಪ್ಪ” ಅಂದರು.

ಇನ್ನು ವಾದಕ್ಕೆ ಬರೋಣ. ಅವ್ವನ ಪರವಾಗಿ: ಅತ್ತಿಗೆಯನ್ನು ಕೆಲಸಕ್ಕೆ ಕಳಿಸಿದ್ದೇ ಅವಳು. ಅಣ್ಣ ಸತ್ತ ವಾರ, ಹೊತ್ತಾಯಿತು ಬುಡವ್ವ ಎಂದು ಅವನು ಬೈಕಿಗೆ ಧೂಳ್ತ ಹಚ್ಚಿಸಿಕೊಳ್ಳದೆ ಹೋಗಿದ್ದ. ಅದನ್ನು ಹೇಳಿಕೊಂಡು ಅವಳು ಎಷ್ಟೋ ದಿನ ಅತ್ತಿದ್ದಳು. ಇನ್ನೊಬ್ಬಳನ್ನು ಅದೇ ರಸ್ತೆಗೆ ಬಿಡುವಾಗ ಹೊರಗೆ ಹಚ್ಚಿದ್ದು ಸಾಲದೆ ಗುಂಡಿಗೆಗೇ ಹಚ್ಚಿರಬಹುದು. ಅಣ್ಣ ನಗುನಗುತ್ತಾ ಹೇಳಿದ ಮಾತನ್ನು ಮರೆತಿರಬಹುದು. ಅವ್ವನ ವಿರುದ್ಧವಾಗಿ: ಮಗ ಆಡಿದ ಒಂದೊಂದು ಮಾತನ್ನೂ ಅವಳು ಮರೆತಿಲ್ಲ, ಎರಡನೇ ಕ್ಲಾಸಿನಲ್ಲಿ ಅವನು ಹೇಳಿದ ಸುಳ್ಳನ್ನೂ ಇವತ್ತಿಗೂ ಹೇಳಿ ನಗುತ್ತಾಳೆ. ಹೊರಗಿನ ಚುಕ್ಕೆಯನ್ನು ನಮ್ಮೆದುರಿಗೇ ಇಟ್ಟವಳು, ಒಳಗಿನದನ್ನು ಯಾರೂ ನೋಡದ ಹಾಗೆ, ಅತ್ತಿಗೆ ಬಚ್ಚಲಿನಲ್ಲಿದ್ದಾಗಲೇ ಇರಬೇಕು, ಯಾಕೆ ಇಟ್ಟಳು? ಲಾಕು ಸವೆದ ಬಾನೆಟ್ಟನ್ನು ಹೊರಗಿನಿಂದ ಎತ್ತುವುದು ಅವಳಿಗೆ ಹೇಗೆ ಗೊತ್ತಿತ್ತು ಎಂದು ಕೇಳುವ ಅಗತ್ಯವಿಲ್ಲ, ಅಣ್ಣ ಎತ್ತುವುದನ್ನು ನೋಡಿದ್ದಳು. ಕೊಳ್ಳೇಗಾಲದಲ್ಲಿ ಮನೆ ಮಾಡುವ ಮಾತು ಬಂದ ಮರುಬೆಳಿಗ್ಗೆ ಧೂಳ್ತ ಅಷ್ಟು ದಪ್ಪಗೆ ಯಾಕಿತ್ತು? ಹೆಚ್ಚು ಕಾಯಲಿ ಎಂದೂ ಇರಬಹುದು. ಹೆಚ್ಚು ತಡೆಯಲಿ ಎಂದೂ ಇರಬಹುದು. ಎರಡು ಕಡೆಯೂ ನಿಂತು ಮಾತಾಡಿ ನೋಡಿದ್ದೇನೆ. ಎರಡು ಕಡೆಯೂ ಗೆಲ್ಲುತ್ತೇನೆ. ಇಂಥ ಗೆಲುವಿಗಿಂತ ದೊಡ್ಡಪ್ಪನ ತೀರ್ಪು ವಾಸಿ. ಅವರಿಗೆ ನಿದ್ದೆಯಾದರೂ ಬರುತ್ತದೆ.

ಊರಿನಲ್ಲಿ ಈಗಲೂ ಅತ್ತಿಗೆಯ ಕೈಯನ್ನೇ ದೂರುತ್ತಾರೆ. ಜಗಲಿಯ ಮೇಲೆ ಆ ಮಾತು ಬಂದಾಗ ಅವ್ವ ಒಳಗೆ ಅಕ್ಕಿ ಆರಿಸುತ್ತಾ ಕೂತಿರುತ್ತಾಳೆ. ಒಂದು ಸಲವೂ ತಲೆದೂಗಿಲ್ಲ. ಒಂದು ಸಲವೂ ಅಲ್ಲ ಎಂದಿಲ್ಲ.

ಈ ಸೋಮವಾರ ನಾನು ಮೈಸೂರಿಗೆ ಹೊರಡುವುದಿತ್ತು. ಕಾಲೇಜು ಅಲ್ಲೇ, ವಾರಕ್ಕೊಮ್ಮೆ ಬಂದು ಹೋಗುತ್ತೇನೆ. ಅಂಗಳದಲ್ಲಿ ಬೈಕು ನಿಲ್ಲಿಸಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದೆ. ತುಂತುರು ಬೀಳುತ್ತಿತ್ತು. ಅವ್ವ ಗಿಂಡಿ ಹಿಡಿದು ಬಂದಳು. ಅಂಗೈಯಲ್ಲಿ ಧೂಳ್ತ ಕಲಸಿ ಹ್ಯಾಂಡಲಿಗೊಂದು, ಹೆಡ್‌ಲೈಟಿಗೊಂದು ಇಟ್ಟಳು. ಆಮೇಲೆ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಬಗ್ಗಿ, ಟ್ಯಾಂಕಿನ ಕೆಳಗೆ ಇಂಜಿನ್ನಿನ ಕಡೆ ಮೂರು ಬೆರಳು ಚಾಚಿದಳು. ಚಾಚಿದ ಕೈ ಪ್ಲಗ್ಗಿನ ಹತ್ತಿರ ಒಂದು ಗಳಿಗೆ ನಿಂತಿತು. ನಾನು ಆ ಕೈ ಹಿಡಿದುಕೊಂಡೆ. ಅಣ್ಣನೂ ಹೀಗೇ ಹಿಡಿದಿದ್ದನಂತೆ.

“ಅವ್ವಾ,” ಅಂದೆ. “ಆವತ್ತು ಸೋಮವಾರ ನೀನು ಅತ್ಗೆ ಕಾರಿಗೆ ಇಕ್ಕಿದ್ದು, ಅದು ಓಡ್ಲಿ ಅಂತ್ಲಾ, ನಿಂತ್ಕಳ್ಲಿ ಅಂತ್ಲಾ?”